ಹದಿಮೂರನೆಯ ಮೆಟ್ಟಿಲು

ಶಕುಂತಲಾ ಅಟ್ಟದಲ್ಲಿ ಮರದ ಪುಡಿ ಗುಡಿಸುತ್ತಿದ್ದಳು. ಕೆಳಗಿನ ಕೋಣೆಯಲ್ಲಿ ಅಮ್ಮಾವ್ರು ಊಟ ಮುಗಿಸಿ ಆಗಷ್ಟೇ ಕಣ್ಣು ಮುಚ್ಚಿದ್ದರು. ಅವರಿಗೆ ಎಚ್ಚರವಾಗಬಾರದೆಂದು ಅವಳು ಮಂಡಿಯೂರಿ ಕೂತು, ಬ್ರಷ್ಷನ್ನು ಹಲಗೆಗೆ ಒತ್ತಿ ಹಿಡಿದು ಸ್ವಲ್ಪಸ್ವಲ್ಪವೇ ಎಳೆಯುತ್ತಿದ್ದಳು. ಸಂದುಗಳಲ್ಲಿ ಕೂತ ಪುಡಿಯನ್ನು ಮೊಳೆಯ ತುದಿಯಿಂದ ಕೆದಕಿ ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ಛಾವಣಿಗೆ ಹೊಸದಾಗಿ ಕೂರಿಸಿದ ಗಾಜಿನಿಂದ ಅಕ್ಟೋಬರಿನ ಬಿಸಿಲು ಬಂದು ಅವಳ ಬೆನ್ನಿನ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ಶಾಖವೇ ಇರಲಿಲ್ಲ.

ಬಡಗಿ ಕೀತ್ ಬೆಳಿಗ್ಗೆ ಬಂದು ನೆಲದ ಮೇಲೆ ಪೆನ್ಸಿಲಿನಿಂದ ಉದ್ದನೆಯದೊಂದು ಚೌಕ ಬರೆದು ಹೋಗಿದ್ದ. ಮಾರನೆಯ ದಿನ, ಶುಕ್ರವಾರ, ಆ ಗೆರೆಯ ಮೇಲೆ ನೆಲ ಕೊಯ್ದು, ಅಡಿಯ ತೊಲೆಗಳನ್ನೂ ಕೊಯ್ದು, ಮಲಗುವ ಕೋಣೆಗಳ ಮಹಡಿಯಿಂದ ಅಟ್ಟಕ್ಕೆ ಮೆಟ್ಟಿಲು ನಿಲ್ಲಿಸುವುದಿತ್ತು. ಮೆಟ್ಟಿಲು ಆಗಲೇ ತಯಾರಾಗಿ, ಪ್ಲಾಸ್ಟಿಕ್ ಹೊದ್ದುಕೊಂಡು ಗರಾಜಿನಲ್ಲಿ ಮಲಗಿತ್ತು. ಅಟ್ಟದ ಕೋಣೆ ಮನೆಯ ಒಬ್ಬನೇ ಮಗ ಯಶಸ್‌ಗೆ. ಹದಿನಾಲ್ಕು ವರ್ಷದ ಹುಡುಗ, ಈಗಲೇ ಅಪ್ಪನ ಕಿವಿಯವರೆಗೆ ಬೆಳೆದಿದ್ದ.

ಗುಡಿಸುತ್ತ ಗುಡಿಸುತ್ತ ಅವಳು ಚೌಕದ ಆಚೆಯ ಅಂಚಿಗೆ ಬಂದಳು. ಮೆಟ್ಟಿಲು ಹತ್ತಿ ಬಂದವರು ಕೊನೆಯ ಹೆಜ್ಜೆ ಇಡುವ ಜಾಗ ಅದು. ಸೊಂಟ ಹಿಡಿದಂತಾಗಿ ಎದ್ದು ನಿಂತಳು. ನಿಂತವಳು ಮೇಲೆ ನೋಡಿದಳು. ಮತ್ತೆ ಕಾಲಡಿಯ ಗೆರೆ ನೋಡಿದಳು. ಛಾವಣಿಯ ಇಳಿಜಾರು ಅಲ್ಲಿ ತಗ್ಗಿ ಬಂದು ಅವಳ ನೆತ್ತಿಯಿಂದ ಒಂದೇ ಗೇಣು ಮೇಲೆ ನಿಂತಿತ್ತು. ಅದಕ್ಕಿನ್ನೂ ಒಳಗಿನ ಹಲಗೆ ಹೊಡೆಯುವುದು ಬಾಕಿ; ಹೊಡೆದರೆ ಇನ್ನೂ ತಗ್ಗುತ್ತದೆ. ಅವಳು ಐದಡಿ ಎರಡಂಗುಲ. ಮನೆಯ ಯಜಮಾನರು, ಡಾಕ್ಟರ್ ರಾಜಶೇಖರ, ಆರಡಿ.

ಬ್ರಷ್ಷು ಅವಳ ಕೈಯಲ್ಲೇ ಉಳಿಯಿತು.

ಶಕುಂತಲಾ ಗದಗಿನ ಕಡೆಯವಳು. ಅಪ್ಪ ಮೌನಪ್ಪ ಬಡಿಗೇರ. ಮರಕ್ಕೆ ಗೆರೆ ಹೊಡೆಯುವ ದಾರದ ಇನ್ನೊಂದು ತುದಿ ಹಿಡಿಯುವುದಕ್ಕೆ ಅಪ್ಪನಿಗೆ ಯಾರಾದರೂ ಬೇಕಾಗಿತ್ತು; ಗಂಡು ಮಕ್ಕಳಿರಲಿಲ್ಲ. ಎಂಟನೆಯ ಇಯತ್ತೆಯಲ್ಲಿ ಅವಳು ಶಾಲೆ ಬಿಟ್ಟು ದಾರ ಹಿಡಿದಳು. ಐದು ವರ್ಷ ಹಿಡಿದಳು. ಅಪ್ಪ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಒಂದು ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಆ ಮನೆಯಾಕೆಯ ತಂಗಿ ಡಾಕ್ಟರ್ ಚಂದ್ರಿಕಾ, ರಾಜಶೇಖರರ ಹೆಂಡತಿ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದ ಚಂದ್ರಿಕಾ ತನ್ನ ಅತ್ತೆಯನ್ನು, ಅಂದರೆ ಅಮ್ಮಾವ್ರನ್ನು, ಮೈಸೂರಿನಿಂದ ಕರೆಸಿಕೊಂಡಾಗ, ಅವರನ್ನು ನೋಡಿಕೊಳ್ಳಲು ಇವಳೂ ಜೊತೆಗೆ ಬಂದಳು. ಬಂದು ಎರಡು ವರ್ಷವಾಗಿತ್ತು. ಆ ಮನೆಯಲ್ಲಿ ಅವಳ ದನಿ ಕೇಳಬೇಕಾದರೆ ಯಾರಾದರೂ ಏನಾದರೂ ಕೇಳಬೇಕಿತ್ತು.

ಅವಳು ಏಣಿಯಿಂದ ಇಳಿದು ಕೆಳಗಿನ ಗೋಡೆಗೆ ಅಂಟಿಸಿದ್ದ ನಕ್ಷೆಗಳ ಮುಂದೆ ನಿಂತಳು. ಎರಡು ಹಾಳೆ. ಒಂದು ಮನೆಯನ್ನು ಮೇಲಿನಿಂದ ನೋಡಿದಂತೆ ಬರೆದದ್ದು. ಇನ್ನೊಂದು ಮನೆಯನ್ನು ನಡುವೆ ಸೀಳಿ ಪಕ್ಕದಿಂದ ನೋಡಿದಂತೆ ಬರೆದದ್ದು. ಅದರಲ್ಲಿ ಮೆಟ್ಟಿಲೂ ಛಾವಣಿಯ ಇಳಿಜಾರೂ ಎರಡೂ ಕಾಣುತ್ತಿದ್ದವು. ಮೆಟ್ಟಿಲ ತುದಿಯಲ್ಲಿ ಒಬ್ಬ ಮನುಷ್ಯನ ಆಕಾರ, ಅವನ ತಲೆಯ ಮೇಲೆ ಆರಾಮಾಗಿ ಜಾಗ. ಅವಳು ಬೆರಳಿಟ್ಟು ಎಣಿಸಿದಳು. ಮೇಲಿನಿಂದ ನೋಡಿದ ಹಾಳೆಯಲ್ಲಿ ಹದಿಮೂರು ಮೆಟ್ಟಿಲು. ಪಕ್ಕದಿಂದ ನೋಡಿದ ಹಾಳೆಯಲ್ಲಿ ಹನ್ನೆರಡು.

ಮತ್ತೊಮ್ಮೆ ಎಣಿಸಿದಳು. ಹಾಗೇ ಇತ್ತು.

ಹನ್ನೆರಡು ಹದಿಮೂರಾದದ್ದು ಅವಳ ಕಣ್ಣೆದುರಿಗೇ. ಆರು ವಾರದ ಹಿಂದೆ, ಒಂದು ಭಾನುವಾರ, ಚಂದ್ರಿಕಾಳ ತಮ್ಮ ಅಭಿರಾಮ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಎಲ್ಲರಿಗೂ ಅಟ್ಟ ತೋರಿಸುತ್ತಿದ್ದ. ಮೈಸೂರಿನಲ್ಲಿ ಓದಿ, ನಾಟಿಂಗ್‌ಹ್ಯಾಮಿನಲ್ಲಿ ಮತ್ತೆರಡು ವರ್ಷ ಓದಿ, ಈಗ ಬರ್ಮಿಂಗ್‌ಹ್ಯಾಮಿನ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿದ್ದ. ಮೊದಲಿನಿಂದ ಕೊನೆಯವರೆಗೆ ಒಬ್ಬನೇ ನಿಂತು ಮಾಡಿಸುತ್ತಿದ್ದ ಮೊದಲ ಕೆಲಸ ಇದು.

“ಮೆಟ್ಟಿಲು ಎಷ್ಟಪ್ಪಾ?” ಅಮ್ಮಾವ್ರು ಕೇಳಿದ್ದರು.

“ಹನ್ನೆರಡು, ಅಮ್ಮ.”

“ಹನ್ನೆರಡು ಆಗಲ್ಲ. ಬಲಗಾಲಿಟ್ಟು ಹತ್ತಿದೋರು ಬಲಗಾಲಲ್ಲೇ ಮೇಲೆ ಮುಟ್ಟಬೇಕು. ಹನ್ನೆರಡಾದರೆ ಎಡಗಾಲು ಬರತ್ತೆ. ಹೊಸ ಕೋಣೆಗೆ ನನ್ನ ಮೊಮ್ಮಗ ದಿನಾ ಎಡಗಾಲಿಟ್ಟು ಹೋಗೋದಾ?”

“ಅಜ್ಜಿ, ಐ ವಿಲ್ ಜಸ್ಟ್ ಹಾಪ್,” ಎಂದ ಯಶಸ್.

“ನೀನು ಸುಮ್ಮನಿರೋ, ಕುಂಟೋಬಿಲ್ಲೆ ಆಡಕ್ಕೆ ಮನೆ ಕಟ್ತಿಲ್ಲ.”

ಅಭಿರಾಮ್ ನಕ್ಕು, “ಅಷ್ಟೇ ತಾನೇ?” ಎಂದು ಒಂದು ಮೆಟ್ಟಿಲನ್ನು ಮೌಸಿನಿಂದ ಹಿಡಿದು ಅದರ ಮುಂದೆ ಇನ್ನೊಂದು ಕೂರಿಸಿದ. ಎರಡು ಸಲ ಟಕ್ ಎಂದಿತು. “ಆಯ್ತು. ಹದಿಮೂರು. ಎತ್ತರ ಅದೇ ಹಂಚ್ಕೊಳ್ಳತ್ತೆ.”

“ನೋಡು, ಯಂತ್ರಕ್ಕಿರೋ ವಿಧೇಯತೆ ನನ್ನ ಮಗನಿಗಿಲ್ಲ,” ಎಂದರು ಅಮ್ಮಾವ್ರು. ಎಲ್ಲರೂ ನಕ್ಕರು. ಶಕುಂತಲಾ ಸಾರು ಬಡಿಸುತ್ತಿದ್ದಳು. ಅವಳಿಗೂ ನಗು ಬಂದಿತ್ತು.

ಈಗ ಅರ್ಥವಾಯಿತು. ಮೆಟ್ಟಿಲಿನ ಬುಡ ಕದಲುವಂತಿರಲಿಲ್ಲ. ಬುಡದ ಪಕ್ಕದಲ್ಲೇ ಅಮ್ಮಾವ್ರ ಕೋಣೆಯ ಬಾಗಿಲು. ಹೊಸ ಮೆಟ್ಟಿಲು ಜಾಗ ಕೇಳಿದ್ದು ಮೇಲಿನ ತುದಿಯಲ್ಲಿ. ಒಂಬತ್ತೂವರೆ ಇಂಚು ಮುಂದಕ್ಕೆ, ಛಾವಣಿ ಇಳಿದು ಬರುವ ಕಡೆಗೆ. ಅಷ್ಟು ಮುಂದೆ ಹೋದರೆ ತಲೆಯ ಮೇಲಿನ ಜಾಗ ಎಂಟು ಇಂಚು ಕಡಿಮೆಯಾಗುತ್ತದೆ. ಮೇಲಿನಿಂದ ನೋಡಿದ ಹಾಳೆಯಲ್ಲಿ ಛಾವಣಿ ಕಾಣುವುದಿಲ್ಲ. ಛಾವಣಿ ಕಾಣುವ ಹಾಳೆಯನ್ನು ಅಭಿರಾಮ್ ಮತ್ತೆ ಮುಟ್ಟಿರಲಿಲ್ಲ.

ಮೂರು ಗಂಟೆಗೆ ಕೀತ್ ಮರಳಿ ಬಂದ. ಅರವತ್ತರ ಹತ್ತಿರದ ಮನುಷ್ಯ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಅವಳು ಚಹಾ ಕೊಟ್ಟು, ಹೋಗದೆ ಅಲ್ಲೇ ನಿಂತಳು. ಅವಳ ಇಂಗ್ಲಿಷು ಅಂಗಡಿ, ಬಸ್ಸು, ಔಷಧಿಗಷ್ಟೇ ಸಾಲುತ್ತಿತ್ತು. ಕೊನೆಗೆ ಅವನನ್ನು ಅಟ್ಟಕ್ಕೆ ಕರೆದು, ಗೆರೆಯ ಮೇಲೆ ತಾನು ನಿಂತು, ನೆತ್ತಿಯ ಮೇಲೆ ಗೇಣು ಹಾಕಿ ತೋರಿಸಿದಳು. ಕೀತ್ ಚಹಾ ಕುಡಿಯುತ್ತ ನೋಡಿದ. ಅವನ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

“ಗೊತ್ತು, ಲವ್,” ಎಂದ ಅವನು, ಎಲ್ಲ ಹೆಂಗಸರನ್ನೂ ಹಾಗೇ ಕರೆಯುವವನು, ನಿಧಾನವಾಗಿ, ಅವಳಿಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ. “ಇವತ್ತು ಬೆಳಿಗ್ಗೆ ಗೆರೆ ಹಾಕುವಾಗ ನೋಡಿದೆ. ಹದಿಮೂರು ಅಂದಾಗಲೇ ನನಗೆ ಸರಿ ಬಂದಿರಲಿಲ್ಲ. ನಮ್ಮಮ್ಮ ಆ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ, ಬೇರೆ ಕಾರಣಕ್ಕೆ: ನಮ್ಮಲ್ಲಿ ಹದಿಮೂರು ಅಪಶಕುನ.” ಒಂದು ಗುಟುಕು ಕುಡಿದ. “ಕಿಟಕಿಯ ಅಳತೆ ತಪ್ಪಿದೆ ಅಂತ ಒಂದು ಸಲ ಹೇಳಿದೆ. ನೆನಪಿದೆಯಾ ಆ ಹುಡುಗ ಏನಂದ ಅಂತ?”

ಅವಳಿಗೆ ನೆನಪಿತ್ತು. ಹಾಳೆಯಲ್ಲಿರುವ ಅಂಕಿ ನೋಡಿ ಕೆಲಸ ಮಾಡಿ, ನಿಮ್ಮ ಅಂದಾಜು ಬೇಡ, ಎಂದಿದ್ದ ಅಭಿರಾಮ್, ಎಲ್ಲರೆದುರಿಗೆ. ಅಂದು ಹಾಳೆಯೇ ಸರಿ ಇತ್ತು. ಕೀತ್ ಕಿಟಕಿ ಬಿಚ್ಚಿ ಮತ್ತೆ ಕೂರಿಸಿದ್ದ.

“ನಾನು ಹಾಳೆ ನೋಡಿ ಮಾಡ್ತೀನಿ,” ಎಂದ ಕೀತ್. “ನನಗಲ್ಲ, ಅವನಿಗೆ ಹೇಳು.”

ಅವನು ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟು ಏಣಿ ಇಳಿದ.

ಅಭಿರಾಮ್‌ಗೆ ಹೇಳುವುದು ಅವಳಿಗೆ ಕೀತ್‌ಗೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಮನೆಗೆ ಬರುವವರಲ್ಲಿ ಅವಳನ್ನು ‘ನೀವು’ ಎನ್ನುವವನು ಅವನೊಬ್ಬನೇ. ಅಪ್ಪ ಬಡಗಿ ಎಂದು ತಿಳಿದ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೌಸು ಕೈಗೆ ಕೊಟ್ಟು, ಪರದೆಯ ಮೇಲೆ ಗೆರೆ ಎಳೆಯಲು ಕಲಿಸಿದ್ದ. ತಪ್ಪಾದ ಗೆರೆಯನ್ನು ಎರಡು ಗುಂಡಿ ಒತ್ತಿ ಇಲ್ಲವಾಗಿಸುವುದನ್ನೂ ಕಲಿಸಿದ್ದ. ಮರಕ್ಕೂ ಇಂಥಾ ಗುಂಡಿ ಇದ್ದಿದ್ದರ ನಮ್ಮಪ್ಪ ಅರ್ಧ ಬೈಗಳ ಕಲೀತಿದ್ದಿಲ್ರಿ, ಎಂದಿದ್ದಳು ಅವಳು. ಅವನು ಜೋರಾಗಿ ನಕ್ಕಿದ್ದ. ಅಷ್ಟು ಉದ್ದದ ಮಾತು ಅವಳ ಬಾಯಿಂದ ಆ ಮನೆಯಲ್ಲಿ ಬಂದದ್ದು ಅದೇ ಮೊದಲು.

ಅವನು ಬರ್ಮಿಂಗ್‌ಹ್ಯಾಮಿನ ರೈಲಿಳಿದು ಮನೆಗೆ ಬಂದಾಗ ಆರೂವರೆ. ರಾಜಶೇಖರ ಆಸ್ಪತ್ರೆಯಲ್ಲಿದ್ದರು. ಚಂದ್ರಿಕಾ ತನ್ನ ಕ್ಲಿನಿಕ್ಕಿನಿಂದ ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಅವನಿಗೆ ಉಪ್ಪಿಟ್ಟು ಹಾಕಿಕೊಟ್ಟಳು.

“ನಾಳೆ ಇಂದುಶೇಖರ ಸರ್ ಬರ್ತಾರೆ,” ಎಂದ ಅವನು. ಮುಖದಲ್ಲಿ ಸಂತೋಷ ತಡೆಯಲಾಗದೆ ಹೊರಗೆ ಬರುತ್ತಿತ್ತು. ಇಂದುಶೇಖರ ಅವನ ಕಚೇರಿಯ ಹಿರಿಯರು. “ಮೆಟ್ಟಿಲು ನಿಲ್ಲಿಸೋದನ್ನ ನೋಡ್ಬೇಕಂತೆ. ಅವರಿಗೆ ಸರಿ ಅನ್ನಿಸಿದರೆ ಲಫ್‌ಬರೋದಲ್ಲಿ ಶಾಲೆ ಕಟ್ಟಿಸೋ ಕೆಲಸ ನನ್ನ ಕೈಗೆ. ಒಂದು ಒಳ್ಳೆ ಚಿತ್ರಾನ್ನ ಮಾಡ್ತೀರಾ?”

“ಮಾಡ್ತೀನ್ರಿ.” ಅವಳು ಗೋಡೆಯಿಂದ ಬಿಡಿಸಿ ತಂದಿದ್ದ ಎರಡು ಹಾಳೆಗಳನ್ನು ತಟ್ಟೆಯ ಪಕ್ಕದಲ್ಲಿ ಹರಡಿದಳು. “ಅಣ್ಣಾರ, ಇದರಾಗ ಪಾವಟಿಗಿ ಎಷ್ಟ ಅದಾವ, ಒಮ್ಮೆ ಎಣಸ್ರಿ.”

“ಹದಿಮೂರು.”

“ಎಣಸ್ರಿ.”

ಅವನು ನಗುತ್ತಲೇ ಎಣಿಸಿದ. ಹದಿಮೂರು.

“ಈಗ ಇದರಾಗ.”

ಎರಡನೆಯ ಹಾಳೆಯ ಮೇಲೆ ಅವನ ಚಮಚದ ತುದಿ ಹತ್ತರವರೆಗೆ ಬೇಗಬೇಗ ಹೋಯಿತು. ಹನ್ನೊಂದು. ಹನ್ನೆರಡು. ಅಲ್ಲಿ ನಿಂತಿತು. ಅವನು ಮೊದಲನೆಯ ಹಾಳೆ ನೋಡಿದ, ಎರಡನೆಯದನ್ನು ನೋಡಿದ. ಅವನ ತುಟಿಯಂಚಿನ ಬಣ್ಣ ಇಳಿಯುವುದು ಅವಳಿಗೆ ಕಂಡಿತು. ಅವನು ಚಮಚ ಕೆಳಗಿಟ್ಟ.

“ಈ ಸೆಕ್ಷನ್, ಪಕ್ಕದ ನೋಟದ್ದು, ಬದಲಾಯಿಸಿಲ್ಲ ನಾನು,” ಎಂದ ಕೊನೆಗೆ, ತನಗೇ ಹೇಳಿಕೊಳ್ಳುವಂತೆ. “ಪ್ಲ್ಯಾನ್ ಬೇರೆ ಫೈಲು, ಅದು ಬೇರೆ ಫೈಲು. ಒಂದನ್ನ ಬದಲಾಯಿಸಿದರೆ ಇನ್ನೊಂದು ತಾನಾಗೇ ಬದಲಾಗಲ್ಲ.”

“ನಾ ಗೆರಿ ಮ್ಯಾಲೆ ನಿಂತ ನೋಡಿದ್ನಿರಿ. ಹುಡುಗನ ತಲಿಗೆ ಬಡೀತೈತಿ.”

“ಯಾರಿಗಾದರೂ ಹೇಳಿದ್ರಾ?”

“ಕೀತ್ ಅವರಿಗೆ ಮೊದಲ ಗೊತ್ತೈತ್ರಿ.”

ಅಭಿರಾಮ್ ಹಣೆಗೆ ಕೈ ಹಚ್ಚಿದ. “ಅವನು ಬೇಕಂತಲೇ ಸುಮ್ಮನಿದ್ದಾನೆ.” ಆಮೇಲೆ ಹಾಳೆಗಳನ್ನು ಮಡಿಚಿ ತನ್ನ ಚೀಲಕ್ಕೆ ಹಾಕಿಕೊಂಡ. “ಇದನ್ನ ನನಗೆ ಬಿಡಿ. ಅಕ್ಕನಿಗೆ, ಭಾವನಿಗೆ ಹೇಳಬೇಡಿ.”

“ನಾಳೆ ಕೊಯ್ಯೂದಕ್ಕಿಂತ ಮೊದಲ ಹೇಳ್ತೀರಲ್ರಿ?”

“ಹೇಳ್ತೀನಿ, ಶಕುಂತಲಾ.”

ಉಪ್ಪಿಟ್ಟನ್ನು ಅವನು ಹಾಗೇ ಬಿಟ್ಟಿದ್ದ.

ಪಾತ್ರೆ ತೊಳೆಯುವಾಗ ಅವಳಿಗೆ ಅಪ್ಪ ನೆನಪಾದ. ಗದಗಿನಲ್ಲಿ ಒಂದು ಮಂಗಲ ಕಾರ್ಯಾಲಯದ ಮುಂಭಾಗಕ್ಕೆ ಸ್ಲ್ಯಾಬ್ ಹಾಕುವ ಕೆಲಸ. ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆಗೂ ಆಸರೆ ಕಂಬಕ್ಕೂ ಅಪ್ಪನದೇ ಜವಾಬ್ದಾರಿ. ಇಂಜಿನಿಯರು ಹೊಸಬ, ಅವನು ಕೊಟ್ಟ ಹಾಳೆಯಲ್ಲಿ ಕಂಬಗಳ ನಡುವೆ ಅಂತರ ಹೆಚ್ಚಾಗಿತ್ತು. ಅಪ್ಪ ಹಾಳೆ ನೋಡಿದ, ಇಂಜಿನಿಯರನ ಮುಖ ನೋಡಿದ, ತಾನು ಓದಿಲ್ಲದವನು ಎಂದುಕೊಂಡು ಸುಮ್ಮನಾದ. ಮಧ್ಯಾಹ್ನ ಅರ್ಧ ಸ್ಲ್ಯಾಬ್ ಕುಸಿದಾಗ ಅಡಿಯಲ್ಲಿ ಬುಟ್ಟಿ ಎತ್ತುತ್ತಿದ್ದ ಯಲ್ಲವ್ವ ಎಂಬ ಹೆಂಗಸು ಸಿಕ್ಕಿಕೊಂಡಳು. ಅವಳನ್ನು ಹೊರಗೆ ತೆಗೆದಾಗ ಶಕುಂತಲಾ ಅಲ್ಲೇ ಇದ್ದಳು, ಕೈಯಲ್ಲಿ ದಾರವಿತ್ತು. ತಪ್ಪು ಇಂಜಿನಿಯರನದು ಎಂದು ಎಲ್ಲರೂ ಅಂದರು. ಅಪ್ಪ ಮಾತ್ರ ಅನ್ನಲಿಲ್ಲ. ಅಲ್ಲಿಂದಾಚೆಗೆ ಅವನು ಬಾಗಿಲು, ಕಿಟಕಿ, ತೊಟ್ಟಿಲು ಬಿಟ್ಟು ಬೇರೆ ಕೆಲಸ ಹಿಡಿಯಲಿಲ್ಲ. ಊಟಕ್ಕೆ ಕೂತಾಗ ಕೆಲವು ಸಲ ಕೈ ತುತ್ತಿನ ಮೇಲೆಯೇ ನಿಂತುಬಿಡುತ್ತಿತ್ತು.

ಇಲ್ಲಿ ಯಾರೂ ಸಾಯುವುದಿಲ್ಲ, ಎಂದುಕೊಂಡಳು ಅವಳು. ತಲೆಗೆ ಬಡಿಯುತ್ತದೆ, ಅಷ್ಟೇ. ಆದರೆ ಹದಿಮೂರು ಮೆಟ್ಟಿಲಿನ ತುದಿಯಲ್ಲಿ, ಇಳಿಜಾರಿಗೆ ಹಣೆ ಬಡಿದು ಹಿಂದಕ್ಕೆ ವಾಲಿದ ಹುಡುಗ ಬೀಳುವುದು ಎಲ್ಲಿಗೆ? ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಬೆಳಿಗ್ಗೆ ಒಂಬತ್ತಕ್ಕೆ ಇಂದುಶೇಖರ ಬಂದರು. ಬಿಳಿ ಗಡ್ಡ, ಕೈಗೆ ಹೂವಿನ ಗುಚ್ಛ. ಅಮ್ಮಾವ್ರಿಗೆ ಬಗ್ಗಿ ನಮಸ್ಕಾರ ಮಾಡಿದರು. ರಾಜಶೇಖರರಿಗೆ ಅಂದು ಮಧ್ಯಾಹ್ನದ ಪಾಳಿ. ಚಂದ್ರಿಕಾ ಅರ್ಧ ದಿನ ರಜೆ ಹಾಕಿದ್ದಳು. ಯಶಸ್ ಶಾಲೆಗೆ ಹೋಗಿದ್ದ. ಶಕುಂತಲಾ ಚಿತ್ರಾನ್ನದ ಒಗ್ಗರಣೆ ಹಾಕುತ್ತ ಕಿವಿಯನ್ನು ಮಾತ್ರ ಹೊರಗಿಟ್ಟಿದ್ದಳು. ಗರಾಜಿನ ಬಾಗಿಲು ತೆರೆದ ಸದ್ದು. ಕೀತ್‌ನ ಬೂಟುಗಳ ಸದ್ದು. ಅಭಿರಾಮ್ ನಗುವ ಸದ್ದು. ಅವಳು ಕಾಯುತ್ತಿದ್ದ ಮಾತು ಮಾತ್ರ ಬರಲಿಲ್ಲ.

ಈಗ ಹೇಳುತ್ತಾನೆ, ಎಂದುಕೊಂಡಳು. ಕಾಫಿ ಆದ ಮೇಲೆ ಹೇಳುತ್ತಾನೆ.

ಕಾಫಿ ಆಯಿತು. ಎಲ್ಲರೂ ಏಣಿ ಹತ್ತಿ ಅಟ್ಟಕ್ಕೆ ಹೋದರು. ಅಮ್ಮಾವ್ರು ಕೆಳಗಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

“ಶಕ್ಕು, ಅರಿಶಿನ ಕುಂಕುಮ ತಗೊಂಡು ಹೋಗು. ಕೊಯ್ಯೋ ಮುಂಚೆ ಗೆರೆಗೆ ಒಂದು ಬೊಟ್ಟು ಇಡಕ್ಕೆ ಹೇಳು ಚಂದ್ರಿಗೆ.”

ಅವಳು ಬಟ್ಟಲು ಹಿಡಿದು ಏಣಿ ಹತ್ತಿದಳು.

ಎಲ್ಲರೂ ಅಟ್ಟದ ನಡುವೆ, ಛಾವಣಿ ಎತ್ತರವಾಗಿರುವ ಕಡೆ ನಿಂತಿದ್ದರು. ಅಲ್ಲಿ ಆರಡಿಯ ರಾಜಶೇಖರರ ತಲೆಯ ಮೇಲೂ ಧಾರಾಳ ಜಾಗವಿತ್ತು. ಕೀತ್ ಮಾತ್ರ ಆಚೆಯ ತುದಿಯಲ್ಲಿ ಮಂಡಿಯೂರಿ ವಿದ್ಯುತ್ ಗರಗಸದ ವೈರು ಬಿಡಿಸುತ್ತಿದ್ದ.

“ಬೆಳಕು ಚೆನ್ನಾಗಿ ತಂದಿದ್ದೀಯ,” ಎಂದರು ಇಂದುಶೇಖರ. “ಮೆಟ್ಟಿಲ ತುದಿಯಲ್ಲಿ ತಲೆ ಮೇಲೆ ಹೆಡ್‌ರೂಮ್ ಎಷ್ಟು ಬರತ್ತೆ?”

ಅಭಿರಾಮ್ ಕಿಟಕಿಯ ಕಡೆ ನೋಡಿದ. “ಸೆಕ್ಷನ್ನಲ್ಲಿ ಒಂದು ಪಾಯಿಂಟ್ ಒಂಬತ್ತು ಮೂರು ಮೀಟರ್, ಸರ್.”

ಅದು ಸುಳ್ಳಲ್ಲ. ಹನ್ನೆರಡು ಮೆಟ್ಟಿಲಿನ ಆ ಹಾಳೆಯಲ್ಲಿ ಹಾಗೇ ಇತ್ತು, ಆರಡಿ ನಾಲ್ಕಂಗುಲ. ಶಕುಂತಲಾ ಬಟ್ಟಲು ಹಿಡಿದುಕೊಂಡೇ ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅವನು ಅವಳನ್ನು ನೋಡಿದ. ಒಂದೇ ಗಳಿಗೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಬೇಡುವವರ ನೋಟ ಅದು.

“ಸರಿ ಹಾಗಾದ್ರೆ,” ಎಂದರು ರಾಜಶೇಖರ. “ಕೀತ್, ಶುರು ಮಾಡೋಣ?”

ಗರಗಸ ಕಿರುಚಿತು. ಕೀತ್ ಅದನ್ನು ಗೆರೆಯ ಹತ್ತಿರ ತಂದ. ಅವಳು ನಡೆದು ಹೋಗಿ ಗೆರೆಯ ಮೇಲೆ ನಿಂತಳು. ಹೇಗೆ ಹೋದಳೆಂದು ಅವಳಿಗೇ ತಿಳಿಯಲಿಲ್ಲ.

ಗರಗಸ ನಿಂತಿತು. ಕೀತ್ ಅದನ್ನು ಕೆಳಗಿಟ್ಟು ಹಿಮ್ಮಡಿಯ ಮೇಲೆ ಕೂತ.

“ಏ ಶಕ್ಕು! ಹುಚ್ಚಾ ನಿನಗೆ? ಈಚೆ ಬಾ,” ಎಂದಳು ಚಂದ್ರಿಕಾ.

“ಯಾರು ಈ ಹುಡುಗಿ?” ಎಂದರು ಇಂದುಶೇಖರ.

“ಅತ್ತೇನ ನೋಡ್ಕೊಳ್ಳೋಳು, ಸರ್. ಯಾವತ್ತೂ ಹೀಗಿಲ್ಲ. ಶಕ್ಕು, ಬಾ ಅಂದೆ.”

ಅವಳು ಕದಲಲಿಲ್ಲ. ಐದು ಜನ ತನ್ನನ್ನೇ ನೋಡುವುದು ಅವಳ ಮೈಮೇಲೆ ಭಾರವಾಗಿ ಕೂತಿತ್ತು. ಅಭಿರಾಮ್ ಕಡೆ ತಿರುಗಿದಳು.

“ಅಣ್ಣಾರ, ನೀವು ಹೇಳ್ತೀನಿ ಅಂದಿದ್ರಿ.”

ಅಭಿರಾಮ್ ಅವಳಿಂದ ಮುಖ ತಿರುಗಿಸಿದ. ಅವನ ಕೈ ಭುಜದ ಚೀಲದ ಪಟ್ಟಿಯನ್ನು ಹಿಡಿದುಕೊಂಡಿತ್ತು.

“ಏನು ಹೇಳೋದು?” ಎಂದರು ರಾಜಶೇಖರ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ. “ಅಭಿ?”

“ಯಾಕೆ ಸದ್ದು ನಿಲ್ತು?” ಕೆಳಗಿನಿಂದ ಅಮ್ಮಾವ್ರು ಕೂಗಿದರು.

ಶಕುಂತಲಾ ಬಟ್ಟಲನ್ನು ಹಲಗೆಯ ಮೇಲಿಟ್ಟಳು. ಗೆರೆಯಿಂದ ಒಂದು ಹೆಜ್ಜೆ ಸರಿದು, ಆ ಜಾಗವನ್ನು ಖಾಲಿ ಮಾಡಿದಳು.

“ಸಾಹೇಬರ,” ಎಂದಳು ರಾಜಶೇಖರರಿಗೆ, “ಒಮ್ಮೆ ಇಲ್ಲೆ ಬಂದು ನೆಟ್ಟಗ ನಿಂದರ್ರಿ.”

ರಾಜಶೇಖರ ಬಂದು ಗೆರೆಯ ಮೇಲೆ ನಿಂತರು; ನೆಟ್ಟಗಾಗಲು ಹೋದ ಅವರ ನೆತ್ತಿ ಛಾವಣಿಗೆ ತಗಲಿತು.